ಲ್ಯಾವೆಂಡರ್ ಕೇಳಿದೆ, ಲಾವಂಚ ಕೊಟ್ಟರು

8 ಫೆಬ್ರುವರಿ 2025, ಶನಿವಾರ, ಮಂಡ್ಯ

ಬೆಳಿಗ್ಗೆ ಮೈಸೂರಿನ ರೈಲು ಹತ್ತುವಾಗ ನನ್ನ ಚೀಲದಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು, ಅದರೊಳಗೆ ಒಂದು ಅಚ್ಚು ಬೆಲ್ಲ. ಮುಚ್ಚಳದ ಮೇಲೆ ಎರಡು ಸುತ್ತು ಪ್ಲಾಸ್ಟಿಕ್ ಸುತ್ತಿದ್ದೆ. ನಮ್ಮ ಮನೆಯೊಳಕ್ಕೆ ಬೆಲ್ಲ ಬಂದು ಮೂರು ವರ್ಷವಾಯಿತು. ಮಂಡ್ಯದವನ ಮನೆಯಲ್ಲಿ ಬೆಲ್ಲವಿಲ್ಲ ಎಂದರೆ ನಂಬುವವರು ಯಾರು? ಒಬ್ಬಟ್ಟಿಗೂ ಸಕ್ಕರೆ, ಯುಗಾದಿಯ ಬೇವಿಗೂ ಸಕ್ಕರೆ. ಅವ್ವ ಮೊದಲ ವರ್ಷ ಗೊಣಗಿದಳು, ಆಮೇಲೆ ಸುಮ್ಮನಾದಳು.

ಅಪ್ಪ ಹೋದದ್ದು ನಮ್ಮ ಆಲೆಮನೆಯಲ್ಲೇ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು, ಬೆಂಡೆಗಿಡದ ಲೋಳೆ ಹಾಕಿ ಮಡ್ಡಿ ತೆಗೆದು, ಪಾಕ ಇನ್ನೇನು ಹದಕ್ಕೆ ಬರಬೇಕು ಎನ್ನುವ ಹೊತ್ತಿನಲ್ಲಿ ಎದೆ ಹಿಡಿದುಕೊಂಡು ಕುಸಿದ. ಅಂದಿನಿಂದ ಪಾಂಡವಪುರ ದಾಟಿದ ಮೇಲೆ ರೈಲಿನ ಕಿಟಕಿ ಮುಚ್ಚುವುದು ನನ್ನ ಅಭ್ಯಾಸ. ಹೊಲದ ನಡುವಿನ ಆಲೆಮನೆಯ ಹೊಗೆ ಮೂಗಿಗೆ ಬಿದ್ದರೆ ಸಾಕು, ಅಂಗೈ ಬೆವರುತ್ತದೆ, ಉಸಿರು ಗಂಟಲಲ್ಲೇ ನಿಲ್ಲುತ್ತದೆ.

ಕುವೆಂಪುನಗರದ ಮನಃಶಾಸ್ತ್ರಜ್ಞೆಯ ಹತ್ತಿರ ಹೋಗಲು ಶುರುಮಾಡಿ ಐದು ತಿಂಗಳಾಯಿತು. ಅದಕ್ಕೂ ಮೊದಲು ಮಾಡಿದ ಪೆದ್ದುತನವನ್ನೂ ಬರೆದಿಡಬೇಕು. ಮೊಬೈಲ್‌ನಲ್ಲಿ ನೋಡಿ ಸುಗಂಧ ಚಿಕಿತ್ಸೆಯ ಪೆಟ್ಟಿಗೆಯೊಂದನ್ನು ತರಿಸಿದ್ದೆ. ಹನ್ನೆರಡು ಪುಟ್ಟ ಬಾಟಲಿ, ಒಂದೊಂದರ ಮೇಲೂ ಒಂದೊಂದು ಭರವಸೆ: ದುಃಖಕ್ಕೆ ಇದು, ಭಯಕ್ಕೆ ಇದು, ನಿದ್ದೆಗೆ ಇದು. ದುಃಖದ ಬಾಟಲಿಯನ್ನು ಹಾಗೆಯೇ ಮಣಿಕಟ್ಟಿಗೆ ಹಚ್ಚಿಕೊಂಡೆ. ದುಃಖ ಇದ್ದಲ್ಲೇ ಇತ್ತು, ಮಣಿಕಟ್ಟಿನಲ್ಲಿ ಕೆಂಪು ದದ್ದು ಎದ್ದಿತು.

ಮೇಡಂ ನಗಲಿಲ್ಲ. ಒಂದು ಟೀ ಚಮಚ ಕೊಬ್ಬರಿ ಎಣ್ಣೆಗೆ ಎರಡು ಹನಿ, ಅದಕ್ಕಿಂತ ಹೆಚ್ಚು ಬೇಡ, ಕುಡಿಯುವುದಂತೂ ಬೇಡವೇ ಬೇಡ ಎಂದರು. ಮನೆಯಲ್ಲಿ ಉಬ್ಬಸದವರಾಗಲಿ ಎಳೆ ಮಕ್ಕಳಾಗಲಿ ಇದ್ದಾರೆಯೇ ಎಂದು ಕೇಳಿದರು. ಆಮೇಲೆ ಹಾಳೆಯ ಮೇಲೆ ಮಿದುಳಿನ ಚಿತ್ರ ಬರೆದರು. ಕಣ್ಣು, ಕಿವಿ, ಚರ್ಮದ ಸುದ್ದಿಯೆಲ್ಲ ಥಲಾಮಸ್ ಎಂಬ ಠಾಣೆಯಲ್ಲಿ ಇಳಿದು ಮುಂದಕ್ಕೆ ಹೋಗುತ್ತದಂತೆ. ವಾಸನೆಗೆ ಆ ಠಾಣೆಯ ಹಂಗಿಲ್ಲ. ಮೂಗಿನ ನರಗಳಿಂದ ಭಯ ಹುಟ್ಟುವ ಅಮಿಗ್ಡಲಾ, ನೆನಪು ಕಟ್ಟುವ ಹಿಪೊಕ್ಯಾಂಪಸ್‌ಗಳ ಅಂಗಳಕ್ಕೆ ಹತ್ತಿರದ ದಾರಿ. ಇದು ಬೆಲ್ಲ ಎಂದು ನಾನು ಹೆಸರಿಡುವಷ್ಟರಲ್ಲಿ ಎದೆ ಹೊಡೆದುಕೊಳ್ಳಲು ಶುರುವಾಗಿರುವುದು ಏಕೆ ಎಂದು ಅಂದು ತಿಳಿಯಿತು.

"ಎಣ್ಣೆ ವಾಸಿ ಮಾಡುವುದಿಲ್ಲ, ಮಾತಾಡುವಾಗ ಹಿಡಿದುಕೊಳ್ಳಲು ಒಂದು ಕಂಬ ಬೇಕಲ್ಲ, ಅದಕ್ಕೆ ಮಾತ್ರ" ಎಂದರು. ಕೆಲವು ಅಧ್ಯಯನಗಳಲ್ಲಿ ಲ್ಯಾವೆಂಡರ್ ಆತಂಕವನ್ನು ತುಸು ತಗ್ಗಿಸಿದೆ. ಆದರೆ ಇಂಥ ಪರೀಕ್ಷೆಗಳಿಗೆ ಒಂದು ತೊಡಕಿದೆ: ಗುಣ ಮದ್ದಿನದೋ ಬರೀ ನಂಬಿಕೆಯದೋ ಎಂದು ತಿಳಿಯಲು ಸಕ್ಕರೆ ಗುಳಿಗೆ ಕೊಟ್ಟು ಮಾತ್ರೆ ಎನ್ನಬಹುದು, ಪರಿಮಳವನ್ನು ಮೂಗಿನಿಂದ ಬಚ್ಚಿಡುವುದು ಹೇಗೆ?

ಲ್ಯಾವೆಂಡರ್ ನನಗೆ ಆಗಲಿಲ್ಲ. ಮೂಸಿದ ಕೂಡಲೇ ಆಸ್ಪತ್ರೆಯ ಕಾರಿಡಾರ್ ಒರೆಸುವ ದ್ರಾವಣ ನೆನಪಾಯಿತು. ಗಂಧದೆಣ್ಣೆ ಕೊಟ್ಟರು. ಅದಂತೂ ಅಪ್ಪನ ತಲೆಯ ಬಳಿ ಹಚ್ಚಿದ್ದ ಊದಿನಕಡ್ಡಿಯೇ. ಈ ಸುಗಂಧ ಚಿಕಿತ್ಸೆಗೆ ಅರೊಮಾಥೆರಪಿ ಎಂಬ ಹೆಸರು ಕೊಟ್ಟವನು ಗಾಟ್‌ಫೊಸೆ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ, 1937ರ ತನ್ನ ಪುಸ್ತಕದಲ್ಲಿ. ಪ್ರಯೋಗಾಲಯದಲ್ಲಿ ಕೈ ಸುಟ್ಟುಕೊಂಡಾಗ ಲ್ಯಾವೆಂಡರ್ ಎಣ್ಣೆ ಬಳಸಿದ್ದವನು. ಅವನಿಗೆ ಹಿತವಾದದ್ದು ನನಗೂ ಹಿತವಾಗಬೇಕೆಂದು ಎಲ್ಲಿದೆ? 1916ರಿಂದ ಗಂಧದೆಣ್ಣೆ ಕಾರ್ಖಾನೆ ಇರುವ ಮೈಸೂರಿನಲ್ಲಿ ಕುಳಿತು ಗಂಧ ಬೇಡವೆಂದ ಮೊದಲ ಗಿರಾಕಿ ನಾನೇ ಇರಬೇಕು. ಮೇಡಂಗೆ ಬೇಸರವಾಗಲಿಲ್ಲ. ವಾಸನೆಯ ಅರ್ಥವನ್ನು ಬಹುಪಾಲು ನಾವು ಬದುಕಿನಲ್ಲಿ ಕಲಿಯುವುದು, ಹಾಗಾಗಿ ನಿಮ್ಮದನ್ನು ನೀವೇ ಹುಡುಕಿ ಎಂದರು.

ಲ್ಯಾವೆಂಡರನ್ನೇ ಇನ್ನೊಂದು ಸಲ ನೋಡೋಣ, ಬೇರೆ ಬಾಟಲಿಯಾದರೆ ಹೇಗೋ ಎಂದು ದೇವರಾಜ ಮಾರುಕಟ್ಟೆಯ ಗ್ರಂಥಿಗೆ ಅಂಗಡಿಯಲ್ಲಿ ಕೇಳಿದೆ. ಅಂಗಡಿಯ ಅಜ್ಜನಿಗೆ ಕಿವಿ ಮಂದ. "ಲಾವಂಚವೇ ಸ್ವಾಮಿ?" ಎನ್ನುತ್ತ ಒಂದು ಹಿಡಿ ಬೇರನ್ನು ಕಾಗದದಲ್ಲಿ ಕಟ್ಟಿ ಕೈಗಿಟ್ಟರು. ಅಲ್ಲ ಎನ್ನಲು ಬಾಯಿ ತೆರೆದವನು ಒಮ್ಮೆ ಮೂಸಿದೆ. ಬೇಸಿಗೆಯಲ್ಲಿ ನಮ್ಮ ಹಟ್ಟಿಯ ಮಣ್ಣಿನ ಹರವಿಗೆ ಅವ್ವ ಹಾಕುತ್ತಿದ್ದ ಬೇರು. ನಾಲೆಯಲ್ಲಿ ನೀರು ಬಿಟ್ಟ ಮೊದಲ ದಿನದ ಒದ್ದೆ ಮಣ್ಣು. ಅಲ್ಲೇ, ಹೂವಿನವರ ಕೂಗಾಟದ ನಡುವೆ, ಭುಜ ಎರಡೂ ತಾವಾಗಿ ಇಳಿದವು.

ಆಮೇಲಿನದು ಬೇಜಾರು ಹಿಡಿಸುವ ಅಭ್ಯಾಸ. ರಾತ್ರಿ ಮನಸ್ಸು ತಿಳಿಯಾಗಿರುವಾಗ ಮಾತ್ರ ಹತ್ತು ನಿಮಿಷ ಬೇರನ್ನು ಮೂಸುತ್ತ ನಿಧಾನ ಉಸಿರಾಟ, ಬಿಡುವ ಉಸಿರು ಎಳೆದುಕೊಳ್ಳುವುದಕ್ಕಿಂತ ಉದ್ದ. ರಷ್ಯಾದ ವಿಜ್ಞಾನಿ ಪಾವ್ಲೊವ್‌ನ ನಾಯಿಗೆ ಗಂಟೆಯ ಸದ್ದಿಗೂ ಊಟಕ್ಕೂ ನಂಟು ಬಿದ್ದಂತೆ ನನಗೆ ಲಾವಂಚಕ್ಕೂ ನೆಮ್ಮದಿಗೂ ನಂಟು ಬೀಳಬೇಕಿತ್ತು. ಆರು ವಾರ ಹಿಡಿಯಿತು. ಹೆಂಡತಿ "ಬೇರು ಮೂಸುವ ಸ್ವಾಮಿಗಳು ಬಂದರು" ಎಂದು ಅಣಕಿಸುವಷ್ಟು ದಿನ ಮಾಡಿದೆ.

ಇಂದು ಡಬ್ಬಿ ತೆರೆಯುವ ದಿನ. ಸಂಕಟಕ್ಕೆ ಹತ್ತರಲ್ಲಿ ಎಷ್ಟು ಅಂಕ ಎಂದು ಮೇಡಂ ಕೇಳಿದರು, ಎಂಟು ಎಂದೆ. ಮುಚ್ಚಳ ಸರಿಸಿದೆ. ಮೊದಲು ಬಂದದ್ದು ಬೆಲ್ಲದ ವಾಸನೆ, ಅದರ ಬೆನ್ನಿಗೇ, ಡಬ್ಬಿಯಲ್ಲಿ ಇಲ್ಲದೇ ಇದ್ದ ಸೀದ ಪಾಕದ ವಾಸನೆ. ಎಡಗೈಯಲ್ಲಿ ಲಾವಂಚ ಹಿಡಿದೇ ಇದ್ದೆ. ಆಗ ಹೇಳಿದೆ. ಐದು ತಿಂಗಳಿನಿಂದ ಹೇಳದೆ ಇದ್ದದ್ದನ್ನು, ಹೆಂಡತಿಗೂ ಹೇಳದ್ದನ್ನು.

ಅಪ್ಪ ಬಿದ್ದಾಗ ಯಾರೋ "ಪಾಕ ಸೀಯುತ್ತಿದೆ ಕಣಪ್ಪ" ಎಂದು ಕೂಗಿದರು. ನಾನು ಮೊದಲು ಓಡಿದ್ದು ಕೊಪ್ಪರಿಗೆಯ ಕಡೆಗೆ. ಒಲೆಯ ಉರಿ ಎಳೆದು ಹಾಕಿ ಆಮೇಲೆ ಅಪ್ಪನತ್ತ ತಿರುಗಿದೆ.

ಮೇಡಂ ತಕ್ಷಣ ಸಮಾಧಾನ ಹೇಳಲಿಲ್ಲ, ಅದಕ್ಕೆ ಅವರಿಗೆ ಋಣಿ. "ಎಷ್ಟು ಹೊತ್ತು?" ಎಂದು ಕೇಳಿದರು. ಲೆಕ್ಕ ಹಾಕಿದೆ. ಹತ್ತು ಸೆಕೆಂಡು, ಹದಿನೈದು ಇರಬಹುದು. ಮೂರು ವರ್ಷ ನನ್ನ ತಲೆಯಲ್ಲಿ ಅದು ಅರ್ಧ ಗಂಟೆಯಷ್ಟು ಉದ್ದ ಇತ್ತು. "ಇಪ್ಪತ್ತು ವರ್ಷ ಕೊಪ್ಪರಿಗೆಯ ಪಕ್ಕ ಬೆಳೆದವನ ಕಾಲು ಎತ್ತ ಓಡುತ್ತದೆ?" ಎಂದರು. ಅಪ್ಪನೇ ಕಲಿಸಿದ್ದ, ಸೀಯುವ ವಾಸನೆ ಬಂದರೆ ಮೊದಲು ಉರಿ ಎಳೆ, ಉಳಿದದ್ದು ಆಮೇಲೆ. ಇದನ್ನು ಹೇಳುವಾಗ ಅತ್ತೆ, ಸಣ್ಣಗಲ್ಲ. ಮೂಗು ಕಟ್ಟಿದ್ದರಿಂದ ಸ್ವಲ್ಪ ಹೊತ್ತು ಬೆಲ್ಲವೂ ಇಲ್ಲ, ಲಾವಂಚವೂ ಇಲ್ಲ. ಕೊನೆಗೆ ಅಂಕ ಕೇಳಿದಾಗ ಐದು ಎಂದೆ. ನಾಲ್ಕು ಎನ್ನಬಹುದಿತ್ತೇನೋ, ಉತ್ಪ್ರೇಕ್ಷೆ ಬೇಡವೆನಿಸಿತು.

ಸಂಜೆಯ ರೈಲಿನಲ್ಲಿ ಪಾಂಡವಪುರ ದಾಟಿದರೂ ಕಿಟಕಿ ಮುಚ್ಚಲಿಲ್ಲ. ಬ್ಯಾಡರಹಳ್ಳಿಯವರೆಗೆ ತೆರೆದೇ ಇತ್ತು. ಯಲಿಯೂರಿನ ಹತ್ತಿರ ಹೊಗೆ ದಟ್ಟವಾಗಿ ಬಂತು, ಮುಚ್ಚಿದೆ.

ಬೆಲ್ಲದ ಡಬ್ಬಿಯನ್ನು ಅಡುಗೆಮನೆಯ ಮೇಲಿನ ಹಲಗೆಯಲ್ಲಿ, ಉಪ್ಪಿನಕಾಯಿ ಜಾಡಿಯ ಹಿಂದೆ ಇಟ್ಟಿದ್ದೇನೆ. ಅವ್ವ ನೋಡಿದಳು, ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಜಾಡಿ ಪಕ್ಕಕ್ಕೆ ಸರಿದಿತ್ತು, ಡಬ್ಬಿ ಮುಂದಕ್ಕೆ ಬಂದಿತ್ತು.