ರದ್ದಿ ಅಂಗಡಿಯ ಫ್ಯಾಂಟಮ್

ಹೋದ ತಿಂಗಳು ದಾವಣಗೆರೆಗೆ ಹೋಗಿದ್ದೆ. ಬೆಣ್ಣೆದೋಸೆ ತಿಂದು ಸುಮ್ನೆ ಮಂಡಿಪೇಟೆ ಕಡೆ ನಡೆದರೆ, ಗಲ್ಲಿಯೊಳಗಿನ ಆ ಹಳೇ ರದ್ದಿ ಅಂಗಡಿ ಇನ್ನೂ ಇತ್ತು! ಗಲ್ಲಾದಲ್ಲಿ ಅದೇ ಮುಖ, ಕಿವಿಯ ಸಂದಿಯಲ್ಲಿ ಅದೇ ಪೆನ್ಸಿಲ್. ಎಂಬತ್ತರ ದಶಕದಲ್ಲಿ ನಾಲ್ಕಾಣೆ ಕೊಟ್ಟು ಇಲ್ಲಿಂದಲೇ ಇಂದ್ರಜಾಲ ಕಾಮಿಕ್ಸ್ ಬಾಡಿಗೆಗೆ ಒಯ್ಯುತ್ತಿದ್ದೆ.

“ಹಳೇ ಫ್ಯಾಂಟಮ್ ಐತೇನಣ್ಣಾ?”

“ಒಳಗೆ ಹುಡುಕ್ರಿ. ಇದ್ರೆ ನಿಮ್ಮ ಪುಣ್ಯ.”

ನಾಲ್ಕು ಸೀನು ಸೀನಿದ ಮೇಲೆ ಐದು ಸಿಕ್ಕವು. ಪೇಪರ್ ಕಟ್ಟಿನ ಮೇಲೆಯೇ ಕೂತು ಓದಿದೆ.

ಅಮೆರಿಕದ ಲೀ ಫಾಕ್, ಕಾಡು ಕಾಯುವ ಈ ಕಾಮಿಕ್ಸ್ ವೀರ ಫ್ಯಾಂಟಮ್‌ನನ್ನು ಶುರು ಮಾಡಿದ್ದು 1936ರಲ್ಲಿ. ಸೂಪರ್‌ಮ್ಯಾನ್ ಬಂದದ್ದು ಅದಾಗಿ ಎರಡು ವರ್ಷಕ್ಕೆ. ಬಿಗಿ ಉಡುಪು, ಕಣ್ಣುಗುಡ್ಡೆ ಕಾಣದ ಮುಖವಾಡ ಎಲ್ಲ ಇವನದ್ದೇ ಮೊದಲು. ಆದರೆ ಇವನಿಗೆ ಹಾರಲು ಬರುವುದಿಲ್ಲ, ಗುಂಡು ತಾಗಿದರೆ ರಕ್ತ ಬರುತ್ತದೆ. ಇವನ ಶಕ್ತಿಯೆಲ್ಲ ಒಂದು ಗಾಳಿಸುದ್ದಿಯಲ್ಲಿದೆ: ‘ಫ್ಯಾಂಟಮ್‌ಗೆ ಸಾವಿಲ್ಲ’. ಅಪ್ಪ ಸತ್ತರೆ ಮಗ ಅದೇ ಮುಖವಾಡ ಹಾಕುತ್ತಾನೆ, ಇವನು ಇಪ್ಪತ್ತೊಂದನೆಯವನು. ಗುಟ್ಟು ಗೊತ್ತಿರುವುದು ಕೆಲವರಿಗೆ ಮಾತ್ರ. ಯಾವ ಗೂಢಚಾರನಿಗೂ ಇಷ್ಟು ಒಳ್ಳೆಯ ವೇಷ ಸಿಕ್ಕಿರಲಿಕ್ಕಿಲ್ಲ, ಅಲ್ವಾ? (ಕಾಡಿನವರನ್ನು ಕಾಯಲು ಬಿಳಿಯನೇ ಬರಬೇಕಿತ್ತಾ ಎಂಬ ಕಿರಿಕಿರಿ ಮಾತ್ರ ಈಗ ಆಗುತ್ತದೆ. ಆಗ ಹೊಳೆದೇ ಇರಲಿಲ್ಲ.)

1953ರಲ್ಲಿ ಇಯಾನ್ ಫ್ಲೆಮಿಂಗ್ ಪುಸ್ತಕದಲ್ಲಿ ಹುಟ್ಟಿದ ಬಾಂಡ್‌ನದೂ ಸಿನಿಮಾದಲ್ಲಿ ಇದೇ ಕತೆ. ಕಾನರಿ ಹೋದ, ಮೂರ್ ಬಂದ, 007 ಮಾತ್ರ ಹಾಗೇ ಉಳಿಯಿತು. ನಮ್ಮ ಸಿಐಡಿ 999 ಬೇರೆ. 1968ರ ‘ಜೇಡರ ಬಲೆ’ಯಿಂದ ಆ ನಂಬರು ಅಣ್ಣಾವ್ರದ್ದೇ. ಅದನ್ನು ಇನ್ನೊಬ್ಬರಿಗೆ ಕೊಡಲು ನನಗಂತೂ ಮನಸ್ಸಿಲ್ಲ.

ಐದೂ ಪುಸ್ತಕ ಗಲ್ಲಾದ ಮೇಲಿಟ್ಟೆ.

“ಅಣ್ಣಾ, ಪುಸ್ತಕಕ್ಕೆ ಮಿರ್ಚಿ ಎಣ್ಣೆ ಮೆತ್ತಿಸಿದ್ದಕ್ಕೆ ಒಂದ್ಸಲ ನನಗೆ ಒಂದು ರೂಪಾಯಿ ದಂಡ ಹಾಕಿದ್ರಿ. ನೆನಪೈತಾ?”

ಅವನು ನಕ್ಕ. “ನಾನಲ್ರೀ, ಅದು ನಮ್ಮಪ್ಪ ಇರ್ಬೇಕು. ತೀರ್ಕೊಂಡು ಆರು ವರ್ಷ ಆತು. ಭಾಳ ಮಂದಿ ಹಿಂಗೇ ಮಾತಾಡಿಸ್ತಾರೆ, ನಾನೂ ಹೂಂ ಅಂದ್ಬಿಡ್ತೀನಿ.”

ಕಿವಿಯಿಂದ ಪೆನ್ಸಿಲ್ ತೆಗೆದು ಪೇಪರಿನ ಅಂಚಿನಲ್ಲಿ ಲೆಕ್ಕ ಬರೆದ.

“ನೂರೈವತ್ತು ಕೊಡ್ರಿ. ಎಣ್ಣೆ ಕೈಲಿ ಮುಟ್ಟಬ್ಯಾಡ್ರಿ ಮತ್ತೆ.”