ಉಣ್ಣೆ ಚೆಂಡು ಅವಳ ಕೈಗೆ ಬಂದಾಗ

ಶಿಶುವಿಹಾರದ ಸರ್ಕಲ್ ಟೈಮ್ ಅಂದರೆ ಮಕ್ಕಳನ್ನು ಸುತ್ತ ಕೂರಿಸಿ ಹಾಡು ಹೇಳಿಸುವುದು, ಕಥೆ ಹೇಳುವುದು, ಅಷ್ಟೇ ತಾನೇ ಎಂದುಕೊಂಡಿದ್ದೆ. ಮೂರು ನಾಲ್ಕು ವರ್ಷದ 14 ಮಕ್ಕಳು ನನ್ನ ಪಾಲಿಗೆ ಬಂದರು. ಮೊದಲ ವಾರವಿಡೀ ನಾನು ಹೇಳಿದ್ದು ಒಂದೇ ಮಾತು: "ಕೂತ್ಕೋ, ಕೂತ್ಕೋ, ಎಲ್ಲಿಗೆ ಹೊರಟೆ? ಕೂತ್ಕೋ."

ಹಾಜರಿ, ತಾರೀಖು, ಹವಾಮಾನ, ಬಣ್ಣ, ಎರಡು ಹಾಡು, ಒಂದು ಕಥೆ. ಇಷ್ಟನ್ನೂ ಅರ್ಧ ಗಂಟೆಯಲ್ಲಿ ಮುಗಿಸಬೇಕೆಂದು ಬರೆದಿಟ್ಟುಕೊಂಡಿದ್ದೆ. ಹತ್ತು ನಿಮಿಷವಾಗುವಷ್ಟರಲ್ಲಿ ಇಬ್ಬರು ಹಿಂದಿನ ಕಪಾಟಿನಿಂದ ಬ್ಲಾಕ್ಸ್ ಎಳೆಯುತ್ತಿದ್ದರು, ಒಬ್ಬ ಅಂಗಾತ ಮಲಗಿಬಿಟ್ಟಿದ್ದ.

ಶುಕ್ರವಾರ ಮಕ್ಕಳೆಲ್ಲ ಹೋದ ಮೇಲೆ ಸುಮ್ನೆ ಅವರು ಕೂರುವ ಜಾಗದಲ್ಲಿ ಕೂತು ನೋಡಿದೆ. ಎದುರಿಗೆ ನನ್ನ ಕುರ್ಚಿ, ಅದರ ಹಿಂದೆ ಕಿಟಕಿ. ಬೆಳಕು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಅಂದರೆ ಅಷ್ಟು ದಿನ ಮಕ್ಕಳಿಗೆ ನನ್ನ ಮುಖವೇ ಸರಿಯಾಗಿ ಕಂಡಿಲ್ಲ. ಆಟಿಕೆ ಕಪಾಟು ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಇನ್ನೇನು ಮಾಡಿಯಾರು ಪಾಪ?

ಅವತ್ತೇ ಜಾಗ ಬದಲಿಸಿದೆ. ಬೆನ್ನ ಹಿಂದೆ ಖಾಲಿ ಗೋಡೆ ಇರುವ ಮೂಲೆ ಆರಿಸಿ, ಕಪಾಟಿಗೆ ಬಟ್ಟೆ ಇಳಿಬಿಟ್ಟೆ. ನೆಲದ ಮೇಲೆ ಬಣ್ಣದ ಟೇಪಿನಿಂದ 15 ಗುರುತು ಹಾಕಿದೆ, ಒಂದು ನನಗೆ. ಕುರ್ಚಿ ಬಿಟ್ಟು ನಾನೂ ನೆಲಕ್ಕೆ ಬಂದೆ.

ಸಮಯವನ್ನು 12 ನಿಮಿಷಕ್ಕೆ ಇಳಿಸಿದೆ. ತಾರೀಖು ಕೈಬಿಟ್ಟೆ. ನಿನ್ನೆ, ನಾಳೆ ಎರಡೂ ಇನ್ನೂ ಕಲಸಿಹೋಗುವ ವಯಸ್ಸಿನವರಿಗೆ ತಾರೀಖು ಕೇಳಿ ಏನು ಸಿಗುತ್ತೆ? ಹವಾಮಾನಕ್ಕೆ ಒಂದು ಮಗು ಕಿಟಕಿಗೆ ಹೋಗಿ ನೋಡಿ ಬಂದು ಹೇಳಿದರೆ ಸಾಕು. ಎಲ್ಲರೂ ಕೂರಲಿ ಎಂದು ಕಾಯುವುದನ್ನೂ ನಿಲ್ಲಿಸಿದೆ. ಮೂವರು ಬಂದರೆ ಸಾಕು, ಮೆಲ್ಲಗೆ ಬೆರಳಾಟದ ಹಾಡು ಶುರು ಮಾಡುತ್ತಿದ್ದೆ. ಉಳಿದವರು ತಾವಾಗಿ ಬಂದು ಸೇರುತ್ತಿದ್ದರು. ಮುಗಿದ ಮೇಲೆ ಒಟ್ಟಿಗೆ ಎದ್ದರೆ ನೂಕಾಟ ಜಾಸ್ತಿ. ಅದಕ್ಕೆ ಕೆಂಪು ಬಟ್ಟೆಯವರು ಮೊದಲು, ಆಮೇಲೆ ನೀಲಿ, ಹೀಗೆ ಎಬ್ಬಿಸುತ್ತಿದ್ದೆ.

ಮಾತಿನ ಸರದಿಗೆ ಒಂದು ಉಣ್ಣೆ ಚೆಂಡು ತಂದೆ. ಇದು ಹೊಸ ಉಪಾಯವೇನಲ್ಲ. 1837ರಲ್ಲಿ ಜರ್ಮನಿಯಲ್ಲಿ ಚಿಕ್ಕ ಮಕ್ಕಳಿಗಾಗಿ ಶಾಲೆ ತೆರೆದು, ಆಮೇಲೆ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ ಫ್ರೋಬೆಲ್ ಕೂಡ ಮಕ್ಕಳ ಕೈಗೆ ಮೊದಲು ಕೊಡುತ್ತಿದ್ದುದು ಮೆತ್ತನೆಯ ಉಣ್ಣೆ ಚೆಂಡನ್ನೇ. ಅದು ಉರುಳುತ್ತೆ, ಆದರೆ ಓಡಿಹೋಗುವುದಿಲ್ಲ. ಹಿಡಿದರೆ ಬೆಚ್ಚಗಿರುತ್ತೆ. ನಮ್ಮ ನಿಯಮ ಇಷ್ಟೇ: ಚೆಂಡು ಯಾರ ಕೈಯಲ್ಲಿದೆಯೋ ಅವರ ಮಾತು. ಮಾತು ಬೇಡವಾದರೆ ಮುಂದೆ ಉರುಳಿಸಬಹುದು.

ಒಬ್ಬ ಹುಡುಗಿ ಐದು ವಾರದಿಂದ ಉರುಳಿಸುತ್ತಲೇ ಇದ್ದಳು. ತರಗತಿಯಲ್ಲಿ ಅವಳ ದನಿಯನ್ನೇ ನಾನು ಕೇಳಿರಲಿಲ್ಲ. ಚೆಂಡು ಬಂದರೆ ಮಡಿಲಲ್ಲಿಟ್ಟು ಎರಡೂ ಕೈಯಿಂದ ಒತ್ತುತ್ತಿದ್ದಳು, ಆಮೇಲೆ ಪಕ್ಕಕ್ಕೆ ತಳ್ಳುತ್ತಿದ್ದಳು. "ಹೇಳು ಪುಟ್ಟಿ" ಎಂದು ಬಾಯಿಗೆ ಬರುತ್ತಿತ್ತು. ತಡೆದುಕೊಳ್ಳುವುದು ನಿಜವಾಗಿ ಕಷ್ಟ.

ಒಂದು ದಿನ ನಾನು ಎಲ್ಲರಿಗೂ ಕೇಳಿದ ಪ್ರಶ್ನೆ, "ಬೆಳಿಗ್ಗೆ ಬರುವಾಗ ಏನು ಕೇಳಿಸ್ತು?" ಲಾರಿ, ನಾಯಿ, ಅಪ್ಪನ ಫೋನು ಎಲ್ಲ ಬಂದವು. ಚೆಂಡು ಅವಳ ಹತ್ತಿರ ಹೋಯಿತು. ಬಿಚ್ಚಿಕೊಂಡಿದ್ದ ಎಳೆಯೊಂದನ್ನು ಹುಡುಕಿ ತೋರುಬೆರಳಿಗೆ ಸುತ್ತತೊಡಗಿದಳು. ಒಂದು ಸುತ್ತು, ಎರಡು ಸುತ್ತು. ಪಕ್ಕದ ಹುಡುಗ ಅವಳ ಪರವಾಗಿ ಬಾಯಿ ತೆರೆದ. ನಾನು ಅಂಗೈ ಎತ್ತಿ ತಡೆದೆ. ಮನಸ್ಸಲ್ಲೇ ಎಣಿಸುತ್ತಿದ್ದೆ, ಒಂಬತ್ತಕ್ಕೆ ಬಂದಿದ್ದೆ.

"ಮಳೆ."

ಯಾರೂ ಅಲುಗಲಿಲ್ಲ. ಪಕ್ಕದ ಹುಡುಗನೇ ಮೆಲ್ಲಗೆ, "ನಂಗೂ ಕೇಳಿಸ್ತು" ಎಂದ. ಅವನನ್ನು ನೋಡಿ ಅವಳೆಂದಳು, "ಕೊಡೆ ಮೇಲೆ. ಟಪ್ ಟಪ್ ಟಪ್."

ಒಬ್ಬ ಬೆರಳಿಂದ ನೆಲ ಬಡಿದ. ಇನ್ನೊಬ್ಬಳು ಬಡಿದಳು. ಒಂದೇ ಗಳಿಗೆಯಲ್ಲಿ ಹದಿನಾಲ್ಕೂ ಮಕ್ಕಳ ಬೆರಳು ನೆಲದ ಮೇಲೆ ಮಳೆಯಾಗಿ ಸುರಿಯಿತು. ಅವತ್ತಿನ ಕಥೆ ಪುಸ್ತಕ ನನ್ನ ಮಂಡಿ ಕೆಳಗೇ ಉಳಿಯಿತು.

ಕೊನೆಗೆ ಎದ್ದವಳು ಅವಳೇ. ಚೆಂಡನ್ನು ತಂದು ಬುಟ್ಟಿಯಲ್ಲಿಟ್ಟಳು. ಹೋಗುವ ಮುಂಚೆ ಬುಟ್ಟಿಯ ಅಂಚಿಗೆ ಬೆರಳಿಂದ ಒಂದು ಸಲ ಬಡಿದು, ನನ್ನ ಮುಖ ನೋಡಿದಳು. ನಾನೂ ಬಡಿದೆ.