ಕಾರ್ಗಿಲ್ ಪ್ರದರ್ಶನಕ್ಕೆ ಪಟಾಕಿ ಬೇಡ, ಕಲ್ಲು ಬೇಕು

ಕಾರ್ಗಿಲ್ ವಿಜಯ ದಿನವಾದ ಜುಲೈ 26 ಹತ್ತಿರವಾದಂತೆ ಮೈಸೂರು, ಮಂಡ್ಯದ ಶಾಲಾ ಕಾಲೇಜುಗಳಲ್ಲಿ ಕಾರ್ಗಿಲ್ ಪ್ರದರ್ಶನದ ತಯಾರಿ ಶುರುವಾಗುತ್ತದೆ. ಬಹಳ ಕಡೆ ಒಂದೇ ನಮೂನೆ: ಹಸಿರು ಬಟ್ಟೆಯ ಹುಡುಗರು ಕೂಗುತ್ತಾ ಓಡುತ್ತಾರೆ, ಪಟಾಕಿ ಸಿಡಿಯುತ್ತದೆ, ನಾಲ್ಕು ಜನ ಬೀಳುತ್ತಾರೆ, ಬಾವುಟ ಏರುತ್ತದೆ. ದಯವಿಟ್ಟು ಇದನ್ನು ಬಿಡಿ. 1999ರ ಆ ಯುದ್ಧದಲ್ಲಿ ಇದ್ದವರು ಇವತ್ತು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿರುತ್ತಾರೆ. ಮಗನನ್ನು ಕಳೆದುಕೊಂಡ ತಾಯಿಯೂ ಬಂದಿರಬಹುದು. 1799ರ ಶ್ರೀರಂಗಪಟ್ಟಣದ ಕಾಳಗವನ್ನು ಆಡಿ ತೋರಿಸಬಹುದು, ಅದನ್ನು ಕಂಡವರು ಯಾರೂ ಉಳಿದಿಲ್ಲ. ಇಲ್ಲಿ ಸಾವನ್ನು ನಟಿಸುವುದು ಸಲ್ಲ. ಹೊರೆ, ಚಳಿ, ಊಟ, ಕಾಗದ ಇವನ್ನು ತೋರಿಸಿ. ಜನ ಮುಟ್ಟಿ, ಎತ್ತಿ ನೋಡಲಿ.

ಆ ಓಟವೂ ಸುಳ್ಳೇ. ದಾಳಿಗಳು ಹೆಚ್ಚಾಗಿ ರಾತ್ರಿ ನಡೆದವು. 16,000 ಅಡಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಹೊರೆ ಹೊತ್ತವನು ಅಲ್ಲಿ ಹೆಜ್ಜೆ ಹೆಜ್ಜೆಗೆ ನಿಂತು ಉಸಿರು ತೆಗೆಯಬೇಕು. ಆ ಎತ್ತರಕ್ಕೆ ಮೈ ಒಗ್ಗಿಸಲು ಸೇನೆ ಇಟ್ಟುಕೊಂಡಿರುವ ಕ್ರಮ ಮೂರು ಹಂತದ್ದು: 9,000 ಅಡಿ ದಾಟಿದ ಮೇಲೆ ಆರು ದಿನ, 12,000 ದಾಟಿದ ಮೇಲೆ ನಾಲ್ಕು, 15,000 ದಾಟಿದರೆ ಇನ್ನೂ ನಾಲ್ಕು. ಒಂದು ಬೋರ್ಡಿನ ಮೇಲೆ ಮೈಸೂರಿನ 2,500 ಅಡಿಯಿಂದ ಗೆರೆ ಎಳೆದು ಈ ಮೂರು ಹಂತ ಬರೆದರೆ ಮಕ್ಕಳಿಗೆ ತಕ್ಷಣ ತಿಳಿಯುತ್ತದೆ.

ಬಟ್ಟೆಯಲ್ಲಿ ಆಗುವ ತಪ್ಪು ಕಾಲದ್ದು. ಅಂಗಡಿಯಲ್ಲಿ ಸಿಗುವ ಚುಕ್ಕಿ ಚುಕ್ಕಿಯ ಡಿಜಿಟಲ್ ಮಾದರಿ ಬಂದದ್ದು 2022ರಲ್ಲಿ, ಅದಕ್ಕೂ ಕಾರ್ಗಿಲ್‌ಗೂ ಸಂಬಂಧವಿಲ್ಲ. ಸೈನಿಕನೆಂದು ನಂಬಿಸಲು ಸಮವಸ್ತ್ರ ತೊಡುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಡಿ ಅಪರಾಧವೂ ಹೌದು. ಹುಡುಗರಿಗೆ ಬಿಲ್ಲೆ, ಪಟ್ಟಿ ಯಾವುದೂ ಇಲ್ಲದ ಸಾದಾ ಅಂಗಿ ಸಾಕು. ಎನ್‌ಸಿಸಿ ಕೆಡೆಟ್‌ಗಳು ತಮ್ಮದೇ ಸಮವಸ್ತ್ರದಲ್ಲಿ ನಿಂತರೆ ಇನ್ನೂ ಚೆಂದ.

ಈಗ ಬಂಕರ್. ಮರಳಿನ ಮೂಟೆ, ಮೇಲೆ ಹಸಿರು ಬಲೆ ಹಾಕುವವರೇ ಜಾಸ್ತಿ. ಕಾರ್ಗಿಲ್ ಕಾಳಗ ನಡೆದ ದ್ರಾಸ್‌ನ ಶಿಖರಗಳಲ್ಲಿ ಮರವೂ ಇಲ್ಲ, ಅಗೆಯಲು ಮಣ್ಣೂ ಇಲ್ಲ, ಬರೀ ಬಂಡೆ. ಅಲ್ಲಿ ಕಟ್ಟಿಕೊಂಡದ್ದು ಕಲ್ಲಿನ ಗೋಡೆ, ಸೇನೆಯವರ ಮಾತಲ್ಲಿ ಸಂಗರ್. ಒಳಗೆ ಆರಡಿ ಅಗಲದ ಅರ್ಧಚಂದ್ರ, ಮೂರಡಿ ಎತ್ತರ, ಒಂದೂವರೆ ಅಡಿ ದಪ್ಪ ಎಂದಿಟ್ಟುಕೊಂಡರೆ ಸುಮಾರು 50 ಘನ ಅಡಿ ಕಾಡುಗಲ್ಲು ಬೇಕು. ಅರ್ಧ ಟ್ರ್ಯಾಕ್ಟರ್ ಲೋಡು ಆಗಬಹುದು. ಗಾರೆ, ಮಣ್ಣು ಹಾಕಬೇಡಿ. ದೊಡ್ಡ ಕಲ್ಲು ಕೆಳಗೆ, ಗೋಡೆ ತುಸು ಒಳಕ್ಕೆ ವಾಲಬೇಕು, ಎರಡು ಕಲ್ಲು ಕೂಡುವ ಸಂದಿಯ ಮೇಲೆ ಮೂರನೆಯದು ಕೂರಬೇಕು. ಸಂದಿಯ ಮೇಲೆ ಸಂದಿ ಬಂದರೆ ಮಗು ಒರಗಿದ ಕೂಡಲೇ ಕುಸಿಯುತ್ತದೆ. ಸುತ್ತ ನಾಲ್ಕಡಿ ದೂರದಲ್ಲಿ ಹಗ್ಗ ಕಟ್ಟಿ. ಟೈಲ್ಸ್ ಹಾಕಿದ ಅಂಗಳವಾದರೆ ಮೊದಲು ಟಾರ್ಪಾಲು, ಅದರ ಮೇಲೆ ಪ್ಲೈವುಡ್ ಹಾಸಿ, ಆಮೇಲೆ ಕಲ್ಲು.

ಮರದ ರೈಫಲ್ಲಿನ ತೊಂದರೆ ಏನೆಂದರೆ ಅದು ತೀರಾ ಹಗುರ. ಆಗಷ್ಟೇ ಸೇನೆಗೆ ಬಂದಿದ್ದ ಇನ್ಸಾಸ್ ರೈಫಲ್ ನಾಲ್ಕು ಕೆ.ಜಿ. ಮೀರುತ್ತಿತ್ತು, ಉದ್ದ ಸುಮಾರು 96 ಸೆಂ.ಮೀ. ಸಿಲ್ವರ್ ಓಕ್‌ನಲ್ಲಿ ಮಾಡಿದ ಪ್ರತಿಗೆ ಆ ತೂಕ ಬರುವುದಿಲ್ಲ, ಹಿಡಿದವನ ನಿಲುವೇ ಬೇರೆಯಾಗುತ್ತದೆ. ಮರವನ್ನು ಉದ್ದಕ್ಕೆ ಎರಡು ಹೋಳು ಮಾಡಿಸಿ, ನಡುವೆ ಕಾಲುವೆ ತೋಡಿ 16 ಎಂ.ಎಂ. ಕಬ್ಬಿಣದ ಸರಳು ಇಡಿ. ಅಡಿಗೆ ಹತ್ತಿರ ಹತ್ತಿರ ಅರ್ಧ ಕೆ.ಜಿ. ಸೇರುತ್ತದೆ. ಸಂದಿಗೆ ಮರದ ಹೊಟ್ಟು, ಫೆವಿಕಾಲ್ ಕಲಸಿ ತುಂಬದಿದ್ದರೆ ಸರಳು ಒಳಗೆ ಗಲಗಲ ಅನ್ನುತ್ತದೆ. ಆಟಿಕೆಯೂ ಅಲ್ಲ, ಅಸಲಿಯೂ ಅಲ್ಲ ಎಂದು ದೂರದಿಂದಲೇ ಕಾಣುವಂತೆ ಹಿಡಿಯ ಮೇಲೆ ಬಿಳಿ ಪಟ್ಟಿ ಬಳಿಯಿರಿ, ಹತ್ತಿರದ ಠಾಣೆಗೂ ಲಿಖಿತವಾಗಿ ತಿಳಿಸಿ.

ಬೋಫೋರ್ಸ್ ತೋಪು ಮಾಡಲು ಹೋಗಬೇಡಿ, ಅದರ 155 ಎಂ.ಎಂ. ಗುಂಡಿನ ತೂಕ ತೋರಿಸಿ: ಸುಮಾರು 43 ಕೆ.ಜಿ. 160 ಎಂ.ಎಂ. ಪಿವಿಸಿ ಪೈಪು ಎರಡಡಿ ಸಾಕು. ಮರಳು ತುಂಬಿದರೆ 17-18 ಕೆ.ಜಿ.ಗೆ ನಿಲ್ಲುತ್ತದೆ, ಬರೀ ಕಾಂಕ್ರೀಟಾದರೆ 26ರ ಹತ್ತಿರ. 25 ಕೆ.ಜಿ. ಕಂಬಿ ತುಂಡು ಜೋಡಿಸಿ ನಡುವಿನ ಜಾಗಕ್ಕೆ 18 ಕೆ.ಜಿ. ಕಾಂಕ್ರೀಟ್ ಸುರಿದರೆ ಲೆಕ್ಕ ಸರಿಹೋಗುತ್ತದೆ. ಉರುಳಿ ಕಾಲ ಮೇಲೆ ಬೀಳದಂತೆ ಮರದ ತೊಟ್ಟಿಲಲ್ಲಿ ಕೂರಿಸಿ. ಎತ್ತಲು ದೊಡ್ಡವರಿಗೆ ಮಾತ್ರ ಬಿಡಿ.

ಊಟದ ಮೇಜನ್ನು ಯಾರೂ ಇಡುವುದಿಲ್ಲ. ಮೈಸೂರಿನಲ್ಲಿ ಇದು ಇಲ್ಲದಿದ್ದರೆ ಅನ್ಯಾಯ, ಏಕೆಂದರೆ ಸೈನಿಕರ ಸಿದ್ಧ ಆಹಾರದ ಸಂಶೋಧನೆ ನಡೆದದ್ದು ಸಿದ್ಧಾರ್ಥನಗರದಲ್ಲಿ 1961ರಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾಲಯ, ಅಂದರೆ ಡಿಎಫ್‌ಆರ್‌ಎಲ್‌ನಲ್ಲೇ. ನೀರು ನಮ್ಮಲ್ಲಿ 97 ಡಿಗ್ರಿಗೆ ಕುದಿಯುತ್ತದೆ, ದ್ರಾಸ್‌ನಲ್ಲಿ 89ಕ್ಕೆ, 16,000 ಅಡಿಯಲ್ಲಿ 84ರ ಸುತ್ತಮುತ್ತ. ಕುದಿಯುತ್ತಿದ್ದರೂ ತೆರೆದ ಪಾತ್ರೆಯಲ್ಲಿ ಬೇಳೆ ಬೇಯದು. ಮೇಲೆ ಹೊಗೆ ಎದ್ದರೆ ನೆಲೆ ಗೊತ್ತಾಗುತ್ತದೆ, ಒಲೆ ಹಚ್ಚುವ ಹಾಗೂ ಇಲ್ಲ. ಆದ್ದರಿಂದ ಮೇಜಿನ ಮೇಲೆ ಒಣಹಣ್ಣು, ಶಂಕರಪೋಳಿ, ಪೊಟ್ಟಣದ ಸಿದ್ಧ ಉಪ್ಪಿಟ್ಟು ಇರಲಿ, ಬಿಸಿ ಅನ್ನದ ತಟ್ಟೆ ಬೇಡ.

ಕಾಗದಕ್ಕೆ ಮೊಬೈಲಿನ ಕಾಲವಷ್ಟೇ ಗೊತ್ತಿರುವ ಮಕ್ಕಳೇ ಮುತ್ತಿಕೊಳ್ಳುತ್ತಾರೆ. ನೀಲಿ ಇನ್‌ಲ್ಯಾಂಡ್ ಪತ್ರದ ಮೇಲೆ ಸೈನಿಕನ ಸಂಖ್ಯೆ, ದರ್ಜೆ, ಹೆಸರು, ಪಡೆ, ಕೊನೆಗೆ 56 ಎಪಿಒ, ಅಂದರೆ ಸೇನಾ ಅಂಚೆ ಕಚೇರಿ. ಊರಿನ ಹೆಸರಿಲ್ಲ, ಮಗ ಎಲ್ಲಿದ್ದಾನೆಂದು ವಿಳಾಸ ಬರೆದ ಮನೆಯವರಿಗೇ ತಿಳಿಯುತ್ತಿರಲಿಲ್ಲ. ಅಸಲಿ ಪತ್ರ ಸಿಕ್ಕರೆ ಜುಲೈ ಜಡಿಮಳೆಗೆ ಒಡ್ಡದೆ ನಕಲು ಇಡಿ, ಹೆಸರು, ಸಂಖ್ಯೆ ಮರೆಮಾಡಿ.

ಪಟಗಳ ಬಗ್ಗೆ ಒಂದು ಎಚ್ಚರಿಕೆ. ಕಾರ್ಗಿಲ್‌ಗೆ ಪರಮವೀರ ಚಕ್ರ ಪಡೆದವರು ನಾಲ್ವರು. ವಿಕ್ರಮ್ ಬಾತ್ರಾ, ಮನೋಜ್ ಕುಮಾರ್ ಪಾಂಡೆ ಅವರಿಗೆ ಮರಣೋತ್ತರವಾಗಿ ಸಂದದ್ದು. ಯೋಗೇಂದ್ರ ಸಿಂಗ್ ಯಾದವ್, ಸಂಜಯ್ ಕುಮಾರ್ ಬದುಕಿ ಬಂದವರು. ನಾಲ್ಕೂ ಪಟಕ್ಕೆ ಹಾರ ಹಾಕಿ ದೀಪ ಹಚ್ಚಿಬಿಡುತ್ತಾರೆ, ಹಾಗಾಗದಿರಲಿ. ಐದನೆಯದಾಗಿ ಕನ್ನಡಿಗ ಎಂ.ಬಿ. ರವೀಂದ್ರನಾಥ್ ಅವರ ಪಟ ಇಡಿ: ಜೂನ್ 13ರಂದು ತೋಲೋಲಿಂಗ್ ಶಿಖರವನ್ನು ಮರಳಿ ಗೆದ್ದ 2 ರಾಜಪುತಾನಾ ರೈಫಲ್ಸ್‌ನ ನಾಯಕತ್ವ ಅವರದ್ದು, ಸಂದದ್ದು ವೀರ ಚಕ್ರ.